ಅಬೂನಾ ಸಾರಬಾಮೂನರ ಮದ್ದು

ನಮ್ಮ ಶುಬ್ರಾ ಬಡಾವಣೆಯ ಚರ್ಚಿನ ಪಾದ್ರಿ ಅಬೂನಾ ಸಾರಬಾಮೂನರಿಗೆ ಯಾವ ದುಃಖ ಯಾರದೆಂಬುದೇ ನೆನಪಿರುವುದಿಲ್ಲ. ಗಂಡ ಸತ್ತ ದಮಿಯಾನಾಗೆ ಹೇಳಬೇಕಾದ ಸಮಾಧಾನವನ್ನು ಮದುವೆಯೇ ಆಗದ ನನಗೆ ಹೇಳಿ ಕಳಿಸುತ್ತಾರೆ. ಕೈಗೆ ಮುತ್ತಿಡಲು ಬಗ್ಗಿದರೆ ಕೈ ಎಳೆದುಕೊಂಡು, "ಮೊದ್ಲು ತಿನ್ನಮ್ಮ, ಅಳೋದು ಆಮೇಲೆ" ಎಂದು ಪೂಜೆಯ ಪ್ರಸಾದವಾದ ಕುರ್ಬಾನ್ ರೊಟ್ಟಿಯನ್ನು ಕೈಗೆ ತುರುಕುತ್ತಾರೆ. ಮನಸ್ಸು ಕುಸಿದವರಿಗೆಲ್ಲ ಅದೇ ರೊಟ್ಟಿ, ಅದೇ ಕೀರ್ತನೆ. "ಬದುಕೋದೇ ಬೇಡ ಅನ್ನಿಸ್ತಿದೆ ಅಬೂನಾ" ಎಂದು ನಾನು ನಿವೇದಿಸಿಕೊಂಡ ದಿನ ಮಾತ್ರ ಎರಡೂ ಇಲ್ಲ. ಶಿಲುಬೆಯ ಹಚ್ಚೆಯಿರುವ ನನ್ನ ಮಣಿಕಟ್ಟು ಹಿಡಿದು, "ನಡಿ, ಡಾಕ್ಟ್ರ ಹತ್ರ" ಎಂದು ಹೊರಟೇಬಿಟ್ಟರು. ನನ್ನದು ಪಾಪವೋ ಕಾಯಿಲೆಯೋ ತಿಳಿಯದೆ ಹಿಂದೆ ನಡೆದೆ. ಮನೋವೈದ್ಯರ ಬಾಗಿಲಲ್ಲಿ ನರ್ಸ್ ಎದ್ದು ನಿಂತು, "ನಿಮ್ದು ಗುರುವಾರ ಅಲ್ವಾ ಅಬೂನಾ?" ಎಂದಳು. "ಹೌದಮ್ಮ, ಇವತ್ತು ಇವಳ್ದು" ಎಂದರು. "ಕೂತ್ಕೋ, ಗುರುವಾರ ನಾನು ಕೂರೋದೂ ಇಲ್ಲೇ" ಎಂದು ನನಗೆ ಕುರ್ಚಿ ಎಳೆದುಕೊಟ್ಟರು.