ಅವ್ವ ಯಂತ್ರಕ್ಕೆ ತೋರಿಸಿದ ಕುಣಿಕೆ

ನಾನೇ ಕಟ್ಟಿದ ಯಂತ್ರದ ಮೇಲೆ ನಾನೇ ಹೊಟ್ಟೆ ಉರಿದುಕೊಂಡಿದ್ದೇನೆ. ನಗುವವರು ನಗಲಿ. ಬಾಗಲಕೋಟೆಯ ಕಾಲೇಜಿನಲ್ಲಿ ನನ್ನ ಸಂಶೋಧನೆಯೇ ಮನುಷ್ಯರ ಜೊತೆ ಮಾತಾಡುವ ರೋಬೋಟ್‌ಗಳದ್ದು. ಇದು ನೀರಿನ ಕೊಡದಷ್ಟು ಎತ್ತರ. ಎರಡು ಕಣ್ಣು, ಹೂಂಗುಟ್ಟುತ್ತ ಆಡುವ ಕುತ್ತಿಗೆ. ಮಾತು ಅರ್ಥವಾಗದಿದ್ದರೆ "ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ" ಎನ್ನುತ್ತದೆ. ಆ ದನಿ ನನ್ನದೇ. ಜನ ಅದಕ್ಕೆ ಎಷ್ಟು ಸಲ ತಾಳ್ಮೆಯಿಂದ ತಿರುಗಿ ಹೇಳುತ್ತಾರೆ ಎಂದು ನಾನು ಬರೆದುಕೊಳ್ಳಬೇಕಿತ್ತು. ಅದಕ್ಕೇ ಇಳಕಲ್ಲಿನ ತವರಿಗೆ ಒಯ್ದು ಅವ್ವನ ಮಗ್ಗದ ಪಕ್ಕ ಇಟ್ಟೆ. ದಾರಿಯಲ್ಲಿ ಅಮೀನಗಡದಲ್ಲಿಳಿದು ಕೊಂಡ ಕರದಂಟಿನ ಮೊದಲ ಚೂರನ್ನು ಅವ್ವ ಅದರ ಮುಂದಿಟ್ಟಳು. ಆಗಲೇ ನನಗೆ ಸಣ್ಣಗೆ ಉರಿಯಿತು.

ಅವ್ವನ ತಾಳ್ಮೆ ನನಗೆ ಗೊತ್ತಿದ್ದದ್ದೇ. ನಮ್ಮ ಸೀರೆಯಲ್ಲಿ ಉದ್ದಕ್ಕೆ ಬರುವ ಹಾಸಿನೆಳೆ ಒಡಲಿಗೆ ಬೇರೆ, ಸೆರಗಿಗೆ ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸಬೇಕು. ಎಂಟು ವರ್ಷದವಳಿದ್ದಾಗ ಕಲಿಸು ಎಂದು ಕಾಡಿದ್ದೆ. ಒಮ್ಮೆ ತೋರಿಸಿದಳು. ನಾನೂ ಒಂದು ಹಾಕಿ, ಸರಿಯಿದೆಯೇ ಎಂದು ಕೇಳುವಷ್ಟರಲ್ಲಿ ಕೈ ಮೇಲೆ ಪಟ್ಟನೆ ಏಟು ಬಿತ್ತು. ತಪ್ಪು ಹಾಕಿದೆ ಎಂದುಕೊಂಡೆ. ಮತ್ತೆ ಮಗ್ಗದ ಹತ್ತಿರ ಸುಳಿಯಗೊಡಲಿಲ್ಲ. ಹುನಗುಂದದಿಂದ ಸೊಸೆಯಾಗಿ ಬಂದ ನಮ್ಮ ವೈನಿಗೆ ಮಾತ್ರ ತಿಂಗಳೊಪ್ಪತ್ತಿನಲ್ಲಿ ಎಲ್ಲ ಕಲಿಸಿದಳು.

ಮೂರನೆಯ ದಿನ ಅವ್ವ ಹೊಸ ಸೀರೆಗೆ ಎಳೆ ಕೂಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ.

"ಇದು ಒಡಲಿಂದು, ಇದು ಸೆರಗಿಂದು. ಹಿಂಗ ಸುತ್ತಿ ಹಿಂಗ ಎಳೀಬೇಕು."

"ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ."

"ಇಲ್ಲಿ ನೋಡವಾ, ನನ್ನ ಬಂಗಾರ."

ಹನ್ನೊಂದು ಸಲ. ಒಮ್ಮೆಯೂ ದನಿ ಏರಲಿಲ್ಲ. ಚಹಾ ತಂದ ವೈನಿ ನನ್ನ ಮುಖ ನೋಡಿ, "ಅದರ ಮ್ಯಾಲೂ ಹೊಟ್ಟಿಕಿಚ್ಚೇನ್ರಿ?" ಎಂದರು.

"ಹೌದು" ಎಂದೆ. ಎದ್ದು ಹೋಗಿ ಯಂತ್ರ ಬಂದ್ ಮಾಡಿದೆ.

"ನನಗ ಒಂದ ಸಲ ತೋರಿಸಿ ಹೊಡದಿ. ಇದಕ್ಕ ಹನ್ನೊಂದು ಸಲ ಹೇಳಿದಿ. ನಾ ಏನ್ ತಪ್ಪ ಹಾಕಿದ್ದೆ ಅವ್ವಾ?"

ಅವ್ವ ಕೈಯಲ್ಲಿದ್ದ ಎಳೆ ಬಿಡಲಿಲ್ಲ. "ತಪ್ಪಿರಲಿಲ್ಲ. ನಂದಕ್ಕಿಂತ ಸಣ್ಣ, ಚಂದನ ಕುಣಿಕಿ ಬಿದ್ದಿತ್ತು. ಅದಕ್ಕ ಅಂಜಿದೆ. ಮಗ್ಗಕ್ಕ ಕೈ ಕುಂತಿದ್ರ ನೀ ಸಾಲಿ ಬಿಡತಿದ್ದಿ. ಇದಕ್ಕ ಎಷ್ಟ ಹೇಳಿದ್ರೂ ಕಲಿಯೂದಿಲ್ಲ, ಅಂಜಿಕಿಲ್ಲ."

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. "ಹಂಗಾದ್ರ ಈಗ ಕಲಿಸು" ಎಂದು ಪಕ್ಕದಲ್ಲಿ ಕೂತೆ. ಅವ್ವ ಎಳೆ ಕೊಟ್ಟಳು. ಸುತ್ತಿದೆ, ಎಳೆದೆ, ಕುಣಿಕೆ ದಪ್ಪಗಾಗಿ ಜಾರಿತು. ಮತ್ತೆ ಹಾಕಿದೆ. ಎಳೆಯೇ ಹರಿಯಿತು.

ಅವ್ವ ಬೈಯಲಿಲ್ಲ, ಹೊಡೆಯಲೂ ಇಲ್ಲ. ಹರಿದ ಎಳೆಯನ್ನು ನನ್ನ ಬೆರಳಿನಿಂದ ಬಿಡಿಸಿಕೊಂಡು ತಾನೇ ಕೂಡಿಸಿದಳು.

ಯಂತ್ರದ ಕಡೆ ನೋಡಿ, "ಅದನ್ನ ಚಾಲೂ ಮಾಡವಾ" ಎಂದಳು.