ಬೀಪಾತುವಿನ ಕಿವಿಯ ಬಿಲ್ಲೆ

ಮೊನ್ನೆ ಪಕ್ಕದ ಮನೆಯ ಹಸುವಿನ ಕಿವಿಗೆ ಹಳದಿ ಬಿಲ್ಲೆ ಹೊಡೆಯಲು ಪಶು ಆಸ್ಪತ್ರೆಯವರು ಬಂದಿದ್ದರು. ‘ಟಕ್’ ಎಂದಿತು ನೋಡಿ, ಕೈಯಲ್ಲಿದ್ದ ಚಹಾ ಜಗಲಿಯ ಮೇಲಿಟ್ಟು ಎದ್ದುಬಿಟ್ಟೆ. ಬೇಲಿ ತನಕ ಹೋದೆ, ಬಂದೆ, ಮತ್ತೆ ಹೋದೆ. “ನಿಮಗೆಂತ, ಇರುವೆ ಕಚ್ಚಿತಾ?” ಎಂದು ಹೆಂಡತಿ ಕೇಳಿದಳು. ಕಚ್ಚಿದ್ದು ಕುವೈತು ಎಂದರೆ ನಗುತ್ತಿದ್ದಳು.

ಅಲ್ಲಿ ನಾನು ಗುಮಾಸ್ತ. ನನ್ನ ಕಫೀಲ್‌ಗೆ, ಅಂದರೆ ವೀಸಾ ಕೊಟ್ಟ ಧಣಿಗೆ, ಸಿಟಿಯಲ್ಲಿ ಆಫೀಸು, ಊರಾಚೆ ಮರಳಿನಲ್ಲಿ ಜಿಂಕೆ ಸಾಕುವ ತೋಟ. ಗುರುವಾರಗಳಂದು ಪಿಕಪ್‌ನಲ್ಲಿ ಹೋಗಿ ಜಿಂಕೆಗಳ ಕಿವಿಯ ಬಿಲ್ಲೆಯ ನಂಬರು ಓದಿ ರಿಜಿಸ್ಟರಿನೊಂದಿಗೆ ತಾಳೆ ನೋಡುವುದೂ ನನ್ನ ತಲೆಗೇ ಬಂದಿತ್ತು. ಜಿಂಕೆ ಎಲ್ಲಿ ನಿಲ್ಲುತ್ತದೆ ಹೇಳಿ! ಹುಲ್ಲಿನ ತೊಟ್ಟಿಯ ಬಳಿ ಉಸಿರು ಬಿಗಿಹಿಡಿದು ಕೂತು, ಅದು ತಲೆ ತಗ್ಗಿಸಿದಾಗ ಓದಿಕೊಳ್ಳಬೇಕು. ಒಂದು ಸೀನಿದರೆ ಎಲ್ಲ ಮೊದಲಿನಿಂದ. ನನಗೋ ಆ ಧೂಳಿಗೆ ಸೀನು ನಿಲ್ಲುತ್ತಿರಲಿಲ್ಲ.

ಜಿಂಕೆ ನೋಡಿಕೊಳ್ಳುತ್ತಿದ್ದವರು ಬಂಟ್ವಾಳ ಕಡೆಯ ಹಮೀದಾಕ. “ಎಲ್ಲ ಉಂಟು ಮಾರಾಯ್ರೆ, ಬರೆದುಕೊಳ್ಳಿ” ಎನ್ನುತ್ತಿದ್ದರು. ನಾನು ಬಿಡಬೇಕಲ್ಲ! “ಕಣ್ಣಾರೆ ನೋಡದೆ ಬರೆಯುವ ಹಾಗಿಲ್ಲ” ಎಂದು ದೊಡ್ಡ ಆಡಿಟರನ ಗತ್ತು. ತಾಯಿ ಸತ್ತ ಮರಿಯೊಂದಕ್ಕೆ ಅವರು ಬಾಟಲಿ ಹಾಲು ಕುಡಿಸಿ ಬೆಳೆಸಿ, ತಂಗಿಯ ಹೆಸರಿಟ್ಟು ಬೀಪಾತು ಎಂದು ಕರೆಯುತ್ತಿದ್ದರು. ರಿಜಿಸ್ಟರಿನಲ್ಲಿ ಹೆಸರಿಗೆ ಜಾಗವಿರಲಿಲ್ಲ. ಅದಕ್ಕೆ ಅವರಿಗೆ ನನ್ನ ಮೇಲೆ ಸಣ್ಣ ಸಿಟ್ಟು.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕಫೀಲ್ ಕುಟುಂಬ ಸಮೇತ ಗಡಿ ದಾಟಿದ, ಆಫೀಸು ಖಲಾಸ್. ಸಿಟಿಯ ಸಲ್ವಾ ಬಡಾವಣೆಯ ರೂಮಿನಲ್ಲಿ ನಾನು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕೊನೆಗೊಮ್ಮೆ ಜೋರ್ಡಾನ್ ಕಡೆಯ ಬಸ್ಸಿನಲ್ಲಿ ನನಗೂ ಹಮೀದಾಕರಿಗೂ ಸೀಟು ಸಿಕ್ಕಿತು. ಅವರನ್ನು ಕರೆತರಲು ತೋಟಕ್ಕೆ ಹೋದರೆ ಗೇಟಿಗೆ ಅಡ್ಡ ನಿಂತಿದ್ದಾರೆ.

“ಹುಲ್ಲು ಮುಗಿಯಿತು. ಪಂಪಿಗೆ ಡೀಸೆಲಿಲ್ಲ. ಇವನ್ನು ಕೂಡಿಹಾಕಿ ನಾನು ಬರುವುದಿಲ್ಲ. ಗೇಟು ತೆಗೀತೇನೆ, ನೀವು ಬರೀರಿ.”

“ಈಗ ಎಂತ ಬರೆಯುವುದು ಹಮೀದಾಕ! ಬಸ್ಸು ಹೋಗ್ತದೆ, ಯಲ್ಲಾ, ಬೇಗ ಹೊರಡಿ!”

“ಬರೆಯದೆ ಒಂದನ್ನೂ ಹೊರಗೆ ಬಿಡಬಾರದು ಅಂತ ಹೇಳಿದ್ದು ಯಾರು? ನಾಳೆ ಕಫೀಲ್ ಬಂದು ಕೇಳಿದರೆ ನಾನು ಕಳ್ಳ ಆಗುವುದಾ?”

ರಿಜಿಸ್ಟರಿನಲ್ಲಿದ್ದದ್ದು ಹುಟ್ಟು, ಸಾವು, ಮಾರಾಟ. ಬಿಟ್ಟುಬಿಟ್ಟದ್ದಕ್ಕೆ ಕಾಲಮೇ ಇಲ್ಲ. ಒಂದೊಂದು ಗೇಟು ದಾಟಿದಂತೆ ಅಂಚಿನಲ್ಲಿ ‘ಹೊರಗೆ’ ಎಂದು ಗೀಚುತ್ತಾ ಹೋದೆ. ಬೀಪಾತು ಮಾತ್ರ ದಾಟಲಿಲ್ಲ. ಹಮೀದಾಕ ದೂಡಿದರು, ಬೈದರು, ಕಲ್ಲೆತ್ತಿ ಹೆದರಿಸಿದರು. ಅವಳು ಅವರ ಅಂಗಿ ಮೂಸುತ್ತಾ ನಿಂತಳು. ಗೇಟು ತೆರೆದೇ ಇಟ್ಟು, ರಿಜಿಸ್ಟರನ್ನು ಅಲ್ಲಿಯ ಕೋಣೆಯಲ್ಲೇ ಬಿಟ್ಟು ಹೊರಟೆವು. ಅವಳ ನಂಬರಿನ ಮುಂದೆ ನಾನು ಏನೂ ಬರೆದಿರಲಿಲ್ಲ.

ಅಂದಿನಿಂದ ಮದುವೆ ಊಟಕ್ಕೆ ಕೂತರೂ ಪಂಕ್ತಿಯ ತಲೆ ಎಣಿಸುತ್ತೇನೆ. ಒಂದು ಕಡಿಮೆ ಬಂದ ಹಾಗಾಗುತ್ತದೆ, ಮತ್ತೆ ಎಣಿಸುತ್ತೇನೆ. ಎಲೆಯಲ್ಲಿ ಬಡಿಸಿದ ಪಾಯಸ ಹರಿದು ಸಾರಿಗೆ ಸೇರಿರುತ್ತದೆ. ಹುಚ್ಚಲ್ಲದೆ ಮತ್ತೇನು!

ಮೊನ್ನೆ ಆ ‘ಟಕ್’ ಕೇಳಿದ ಮೇಲೆ ತಡೆಯಲಾಗದೆ ಹಮೀದಾಕರಿಗೆ ಫೋನು ಮಾಡಿದೆ. “ಬೀಪಾತು ಆಗಲೇ ಸತ್ತಿರಬೇಕು ಅಲ್ವಾ? ಒಮ್ಮೆ ಹೌದು ಅನ್ನಿ, ಆ ಲೆಕ್ಕ ಮುಗಿಸಿಬಿಡುವ.”

ಹಮೀದಾಕ ತಿರುಗಿ ಕೇಳಿದರು.

“ನೀವು ಕಣ್ಣಾರೆ ನೋಡಿದ್ದೀರಾ?”

“ಇಲ್ಲ.”

“ಹಾಗಾದರೆ ಸತ್ತಳು ಅಂತ ಬರೆಯುವ ಹಾಗಿಲ್ಲ ಅಲ್ವಾ ಮಾರಾಯ್ರೆ?”

ಫೋನಿಟ್ಟು ಜಗಲಿಗೆ ಬಂದು ಕೂತೆ. ತಣ್ಣಗಾದ ಚಹಾ ಕುಡಿದು ಮುಗಿಸುವ ತನಕ ಏಳಲಿಲ್ಲ.