ಕೇಸಿಗಿಂತ ಮೊದಲು ಕೈ

ಕಪ್ಪು ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿಕೊಂಡೇ ಅವರು ಓಡಾಡುತ್ತಿದ್ದರು. ಸಣಕಲು ಮಣಿಕಟ್ಟಿನಲ್ಲಿ ಗಂಡಸರ ದೊಡ್ಡ ವಾಚು ಸದಾ ಅಡಿಗೆ ಜಾರಿರುತ್ತಿತ್ತು; ಗಂಟೆ ನೋಡಬೇಕಾದರೆ ಕೈಯನ್ನು ಮೇಲೆತ್ತಿ ಒಮ್ಮೆ ಕೊಡವುತ್ತಿದ್ದರು. ಊರು ಶಿರ್ವ, ಕಚೇರಿ ಉಡುಪಿ ಕೋರ್ಟಿನ ಹತ್ತಿರ. ಹೆಂಗಸರನ್ನು ಗೌರವದಿಂದ ಕರೆಯುವ ಕೊಂಕಣಿ ಮಾತಿನಲ್ಲಿ ನಾವೆಲ್ಲ ಅವರನ್ನು ವಕೀಲ್ ಬಾಯಿ ಎನ್ನುತ್ತಿದ್ದೆವು.

ನಾನು ಕಾಪುವಿನಲ್ಲಿ ಬಟ್ಟೆ ಹೊಲಿಯುವವಳು. ಕುದಿಯುವ ಗಂಜಿ ಬಿದ್ದು ಬಲಗೈ ಸುಟ್ಟಿತ್ತು. ದೂರದ ಊರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದರು. ಗಾಯವೇನೋ ಮಾಯಿತು, ಆದರೆ ಮೂರು ಬೆರಳುಗಳು ಅಂಗೈಯತ್ತ ಮುದುಡಿ ಹಾಗೇ ನಿಂತವು. ಕತ್ತರಿ ಹಿಡಿಯಲಾಗದು. ಕೇಳಲು ಹೋದರೆ ಡಾಕ್ಟರು ಮುಖವನ್ನೂ ನೋಡದೆ, "ಅದು ನಿಮ್ಮ ಚರ್ಮದ ಗುಣ" ಎಂದು ಮುಂದಿನವರನ್ನು ಕರೆದರು.

ಆ ಸಿಟ್ಟಿನಲ್ಲೇ ವಕೀಲ್ ಬಾಯಿಯ ಎದುರು ಕುಳಿತು, "ಅವರನ್ನು ಜೈಲಿಗೆ ಹಾಕಿಸಬೇಕು" ಎಂದೆ.

ಅವರು ನನ್ನ ಕೈಯನ್ನು ತೆಗೆದುಕೊಂಡು ಒಂದೊಂದೇ ಬೆರಳನ್ನು ಮೆಲ್ಲಗೆ ಎತ್ತಿ ನೋಡಿದರು. "ಜೈಲು ಮತ್ತೆ ನೋಡುವ. ನಿನಗೆ ಎಂತ ಬೇಕು, ಅದು ಹೇಳು."

ನಾನು ಮುದುಡಿದ ಬೆರಳುಗಳನ್ನು ನೋಡುತ್ತ ಹೇಳಿದೆ, "ಹೊಲಿಯಬೇಕು."

"ಹಾಗಾದರೆ ಕೇಳು. ಆಪರೇಷನ್ ಸರಿಯಾಗಲಿಲ್ಲ ಅಂದ ಕೂಡಲೇ ಡಾಕ್ಟರ ತಪ್ಪು ಅಂತ ಆಗುವುದಿಲ್ಲ. ಮಾಡಬೇಕಾದ್ದನ್ನು ಮಾಡಲಿಲ್ಲ ಅಂತ ನಾವು ತೋರಿಸಬೇಕು. ಮೊದಲು ನಿನ್ನ ಫೈಲು ಕೇಳು, ಅದು ನಿನ್ನ ಹಕ್ಕು. ಮತ್ತೆ ಬೇರೆ ತಜ್ಞರ ಅಭಿಪ್ರಾಯ ಬರೆಸಿಕೊಳ್ಳುವ. ಗ್ರಾಹಕರ ಆಯೋಗ ಉಂಟು, ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು. ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು. ಕೇಸು ಕಾಯ್ತದೆ ಮಾರಾಯ್ತಿ, ಕೈ ಕಾಯುವುದಿಲ್ಲ."

ಫೈಲು ಬಂತು. ಕಸಿಯ ನಂತರ ಬೆರಳುಗಳನ್ನು ನೇರ ಇಡುವ ಪಟ್ಟಿಯನ್ನಾಗಲಿ ವ್ಯಾಯಾಮವನ್ನಾಗಲಿ ಎಲ್ಲಿಯೂ ಸೂಚಿಸಿಲ್ಲವೆಂದು ಮಣಿಪಾಲದ ತಜ್ಞೆಯೊಬ್ಬರು ಬರೆದುಕೊಟ್ಟರು. ಬಾಯಿ ನೋಟೀಸು ಕಳಿಸಿದ ಮೇಲೆ ಆಸ್ಪತ್ರೆಯವರು ಮಾತುಕತೆಗೆ ಬಂದರು. ಇನ್ನೊಂದು ಆಪರೇಷನ್ನಿನ ಖರ್ಚು ತಾವೇ ಕೊಡುವುದಾಗಿ ಒಪ್ಪಿದರೂ ವಕೀಲ್ ಬಾಯಿ ಅಷ್ಟಕ್ಕೇ ಸುಮ್ಮನಾಗಲಿಲ್ಲ. "ಡಾಕ್ಟರು ಇವಳ ಎದುರು ಕೂತು ಮಾತಾಡಬೇಕು" ಎಂದು ಹಟ ಹಿಡಿದರು.

ಡಾಕ್ಟರು ಬಂದು ಕುಳಿತರು. ನನ್ನ ಕೈಯನ್ನು ಬಹಳ ಹೊತ್ತು ನೋಡಿದರು. "ಪಟ್ಟಿ ಹಾಕಿಸಬೇಕಿತ್ತು. ನಾನು ಹಾಕಿಸಲಿಲ್ಲ" ಎಂದರು. ಅಷ್ಟು ಕೇಳಿದ್ದೇ ನನ್ನ ಸಿಟ್ಟು ಎಲ್ಲಿ ಹೋಯಿತೋ.

ಮಣಿಪಾಲದಲ್ಲಿ ಎರಡನೆಯ ಆಪರೇಷನ್ ಆಯಿತು. ಬಾಯಿ ವಾರ್ಡಿಗೆ ಬಂದು, "ಬೆರಳು ಎತ್ತು, ಜಡ್ಜರ ಎದುರು ಪ್ರಮಾಣ ಮಾಡುವ ಹಾಗೆ" ಎಂದು ನೋವಿನ ನಡುವೆಯೂ ನಗಿಸುತ್ತಿದ್ದರು. ಎರಡು ಬೆರಳು ಪೂರ್ತಿ ಬಿಡಿಸಿಕೊಂಡವು, ಕಿರುಬೆರಳು ಈಗಲೂ ಸ್ವಲ್ಪ ಬಾಗಿದೆ. ಹೊಲಿಗೆಗೆ ಅದರಿಂದ ತೊಂದರೆಯಿಲ್ಲ.

ಹೋದ ವರ್ಷ ಬಾಯಿ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ, ಕಟ್ಟಡದ ಕೆಲಸಕ್ಕೆ ಬಂದ ಗದಗ ಕಡೆಯ ಹೆಂಗಸೊಬ್ಬಳು ನನ್ನ ಕೈಯ ಸಂಗತಿ ಯಾರಿಂದಲೋ ಕೇಳಿ ಕುಂಟುತ್ತ ನನ್ನ ಅಂಗಡಿಗೆ ಬಂದಳು. "ಹಿಮ್ಮಡಕ್ಕ ಚರ್ಮ ಹಚ್ಯಾರ್ರೀ ಅಕ್ಕಾ, ಕಾಲು ಊರಾಕ ಆಗವಲ್ದು. ಕಾಗದ ಕೇಳಿದ್ರ ನಾಳೆ ಬಾ ಅಂತಾರ" ಎಂದಳು. ಫೈಲು ಕೊಡಿ ಎಂದು ಅವಳಿಂದ ಒಂದು ಅರ್ಜಿ ಬರೆಸಿ, ಅಂಗಡಿಗೆ ಬೀಗ ಹಾಕಿ, ಅವಳ ಜೊತೆ ಆ ಆಸ್ಪತ್ರೆಯಿದ್ದ ಕಾರ್ಕಳದ ಬಸ್ಸು ಹತ್ತಿದೆ.

ಆಸ್ಪತ್ರೆಯ ಗುಮಾಸ್ತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ವಕೀಲರಾ?" ಎಂದ.

"ಅಲ್ಲ, ಟೈಲರ್. ಇವರು ಅರ್ಜಿ ಬರೆದು ತಂದಿದ್ದಾರೆ. ನಾವು ಇಲ್ಲೇ ಕೂತಿರ್ತೇವೆ" ಎಂದು, ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನೂ ಪಕ್ಕದಲ್ಲಿ ಕುಳಿತೆ.